ಕಾಲಮಿತಿ ಆಟದಲ್ಲೂ ಅಕ್ಕಿಹಿಟ್ಟಿನ ಚಿಟ್ಟಿ: ಮಹಿಷಾಸುರನ ಮುಖದ ಬಗ್ಗೆ ನನ್ನ ಅನುಭವ

ಯಕ್ಷಗಾನದಲ್ಲಿ ಇಡೀ ರಾತ್ರಿಯ ಬದಲು ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿ ಆಟ ಶುರುವಾದ ಮೇಲೆ ತೆಂಕುತಿಟ್ಟಿನ ಚೌಕಿಗಳಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಗಳಲ್ಲಿ, ಒಂದೇ ಮಾತು: ಹಿಟ್ಟಿನ ಚಿಟ್ಟಿ ಇನ್ನು ಆಗ್ಲಿಕ್ಕಿಲ್ಲ, ಅಂಟಿಸುವ ಚಿಟ್ಟಿಯಲ್ಲೇ ಸುಧಾರಿಸಬೇಕು. ಚಿಟ್ಟಿ ಎಂದರೆ ರಾಕ್ಷಸರಂಥ ಉಗ್ರ ಪಾತ್ರಗಳ ಮುಖದಲ್ಲಿ ಗೆರೆಗಳ ಮೇಲೆ ಸಾಲಾಗಿ ಎಬ್ಬಿಸುವ ಬಿಳಿ ಮುಳ್ಳುಗಳು. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಇಡೀ ರಾತ್ರಿಯ ದೇವಿಮಹಾತ್ಮೆ ಪ್ರಸಂಗದಲ್ಲಿ ಮಹಿಷ ರಂಗಕ್ಕೆ ಬರುವಾಗ ನಡುರಾತ್ರಿ ದಾಟಿರುತ್ತಿತ್ತು, ಮುಖಕ್ಕೆ ಮೂರು ಗಂಟೆ ಕೊಟ್ಟರೂ ಯಾರೂ ಕೇಳುತ್ತಿರಲಿಲ್ಲ. ಈಗ ಅಷ್ಟು ಹೊತ್ತಿಗೆ ಮಂಗಳವೇ ಆಗಿರುತ್ತದೆ. ಆದರೂ ನಾನು ಹಿಟ್ಟು ಬಿಡಲಿಲ್ಲ. ಈಗ ಮಹಿಷನ ಪೂರ್ತಿ ಮುಖ ಸುಮಾರು ಒಂದೂಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆರ್ಭಟೆ ಕೊಟ್ಟರೂ, ಸಭೆಯ ನಡುವಿನಿಂದ ದೀವಟಿಗೆ ಹಿಡಿದು ಕುಣಿದು ಬಂದರೂ ಒಂದು ಮುಳ್ಳು ಉದುರುವುದಿಲ್ಲ. ನಂಬದವರು ಚೌಕಿಗೇ ಬಂದು ಗಡಿಯಾರ ಹಿಡಿದು ಕೂತಿದ್ದರು. ಈಗ ಹಿಟ್ಟು ಎಷ್ಟು ನೆನೆಸಬೇಕೆಂದು ಅವರೇ ಕೇಳುತ್ತಾರೆ.

ಅಕ್ಕಿ ಬೆಳ್ತಿಗೆಯೇ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಯೇ, ಆಗಬೇಕು. ಕುಚ್ಚಲಿನ ಹಿಟ್ಟು ಎಷ್ಟು ನುಣ್ಣಗೆ ಅರೆದರೂ ಮುಳ್ಳಿನ ತುದಿ ಮಡಚಿಕೊಳ್ಳುತ್ತದೆ. ಒಂದು ಮುಖಕ್ಕೆ ಒಂದು ಪಾವು ಅಕ್ಕಿ ಧಾರಾಳ. ಹಿಂದಿನ ರಾತ್ರಿ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ, ಬೆಳಿಗ್ಗೆ ಅರೆದು ಮಲ್ ಬಟ್ಟೆಯಲ್ಲಿ ಸೋಸಬೇಕು. ತಳದಲ್ಲಿ ನಿಂತ ಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿ ಬೂದಿಯ ಮೇಲಿಟ್ಟರೆ ನೀರು ಎಳೆದುಕೊಳ್ಳುತ್ತದೆ. ಬೆರಳಲ್ಲಿ ಒತ್ತಿದಾಗ ಗುರುತು ನಿಲ್ಲಬೇಕು, ಕೈಗೆ ಮೆತ್ತಬಾರದು. ಮಿಕ್ಸಿಯಲ್ಲಿ ಅರೆಯುವವರು ನಡುನಡುವೆ ನಿಲ್ಲಿಸಿ. ಒಂದೇ ಓಟಕ್ಕೆ ತಿರುಗಿಸಿ ಬಿಸಿಯಾದ ಹಿಟ್ಟು ಮುಳ್ಳಿಗೆ ಬಾರದು.

ಗಲಾಟೆ ಇರುವುದು ಸುಣ್ಣದಲ್ಲಿ. ನಾಲ್ಕು ಪಾಲು ಹಿಟ್ಟಿಗೆ ಒಂದು ಪಾಲು ಸುಣ್ಣ ಹಾಕುವ ರೂಢಿಯಿದೆ. ಬೇಗ ಬಿಗಿಯಾಗುತ್ತದೆ, ನಿಜ, ಆದರೆ ಬೆವರು ತಾಗಿದೊಡನೆ ಚರ್ಮ ಸುಡುತ್ತದೆ. ಕೆನ್ನೆಯ ಮೇಲೆ ಕಪ್ಪು ಕಲೆ ಬಿದ್ದ, ಇಂಥ ಉಗ್ರ ಪಾತ್ರ ಮಾಡುವ ಬಣ್ಣದ ವೇಷಧಾರಿಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ನಾನು ಎಂಟಕ್ಕೆ ಒಂದಕ್ಕೆ ಇಳಿಸಿದ್ದೇನೆ. ಚಿಪ್ಪಿನ ಸುಣ್ಣವನ್ನು ತಿಂಗಳುಗಟ್ಟಲೆ ನೀರಿನಡಿ ಇಟ್ಟು, ಮೇಲಿನ ಬೆಣ್ಣೆಯಂಥ ಪದರ ಮಾತ್ರ ತೆಗೆಯುತ್ತೇನೆ. ಅರಳದ ಸಣ್ಣ ಕಣ ಒಂದು ಉಳಿದರೂ ಮುಖದ ಮೇಲೆ ಒದ್ದೆ ತಾಗಿ ಅಲ್ಲೇ ಅರಳುತ್ತದೆ. ಆ ಮುಳ್ಳು ಸಿಡಿಯುತ್ತದೆ, ಕೆಳಗೆ ಬೊಬ್ಬೆ ಏಳುತ್ತದೆ. ಸುಣ್ಣ ಕಡಿಮೆಯಾದರೆ ಮುಳ್ಳು ನಿಲ್ಲಲಿಕ್ಕಿಲ್ಲ ಎನ್ನುವುದು ಅರ್ಧ ಸತ್ಯ. ಒಂದೇ ಸಲಕ್ಕೆ ದಪ್ಪ ಮುಳ್ಳು ಎಬ್ಬಿಸಿದರೆ ನಿಲ್ಲುವುದಿಲ್ಲ, ಪದರಪದರವಾಗಿ ಎಬ್ಬಿಸಿದರೆ ನಿಲ್ಲುತ್ತದೆ. ಸುಣ್ಣದ ನೀರಿಗೆ ನಾನು ಇನ್ನೊಂದು ಚಿಟಿಕೆ ಸೇರಿಸುವುದುಂಟು, ಅದು ಏನೆಂದು ಇಲ್ಲಿ ಬರೆಯುವುದಿಲ್ಲ. ಅದಿಲ್ಲದೆಯೂ ಕೆಲಸ ನಡೆಯುತ್ತದೆ.

ಎರಡು ಗೆರಟೆ, ಅಂದರೆ ತೆಂಗಿನ ಚಿಪ್ಪು, ಬೇಕು, ಒಂದರಲ್ಲಿ ತೆಳು ಹಿಟ್ಟು, ಒಂದರಲ್ಲಿ ಗಟ್ಟಿ. ಗೆರೆಗಳ ಜಾಗವನ್ನು ಒಣಬಟ್ಟೆಯಲ್ಲಿ ಉಜ್ಜಿ ಎಣ್ಣೆಯ ಜಿಡ್ಡು ತೆಗೆಯಬೇಕು. ಚಿಟ್ಟಿ ಬುಡಸಮೇತ ಕಳಚಲು ಮುಖ್ಯ ಕಾರಣವೇ ಈ ಜಿಡ್ಡು. ಹಾಗಾಗಿ ಎಣ್ಣೆಬಣ್ಣವನ್ನು ಮೊದಲು ಮುಖವಿಡೀ ಹಚ್ಚುವ ಕ್ರಮ ನಾನು ಬಿಟ್ಟಿದ್ದೇನೆ. ಮೊದಲು ತೆಳು ಹಿಟ್ಟಿನಲ್ಲಿ ಎಲ್ಲ ಗೆರೆಗೂ ಬುಡಪದರ. ಅದು ಬೂದು ಬಣ್ಣ ಬಿಟ್ಟು ಬೆಳ್ಳಗಾದ ಮೇಲೆ ಗಟ್ಟಿ ಹಿಟ್ಟಿನ ಬೊಟ್ಟು, ಗೋಧಿಕಾಳಿನಷ್ಟು ಅಂತರ ಬಿಟ್ಟು. ಮೂರನೆಯ ಸುತ್ತಿನಲ್ಲಿ ಹಿಡಿಸೂಡಿ (ಪೊರಕೆ) ಕಡ್ಡಿಯಿಂದ ತುದಿ ಎಳೆಯುವುದು. ಬಲಗೆನ್ನೆ ಒಣಗುವಾಗ ಎಡಗೆನ್ನೆ, ಎಡ ಒಣಗುವಾಗ ಬಲಗಡೆಯ ಸಾಲುಗಳ ನಡುವೆ ಕೆಂಪು, ಕಪ್ಪು, ಹಳದಿ ತುಂಬುವುದು. ಸಮಯ ಉಳಿದದ್ದು ಈ ಹೆಣೆಯುವಿಕೆಯಿಂದ, ಕೈಯ ವೇಗದಿಂದ ಅಲ್ಲ. ಗಟ್ಟಿ ಹಿಟ್ಟಿಗೆ ಸುಣ್ಣವನ್ನು ಸಾಲುಸಾಲಿಗೆ ಹೊಸದಾಗಿ ಬೆರೆಸಬೇಕು, ಒಟ್ಟಿಗೆ ಬೆರೆಸಿದರೆ ಎರಡನೇ ಸಾಲಿಗೆ ಬರುವಾಗ ಗೆರಟೆಯಲ್ಲೇ ಕಲ್ಲಾಗಿರುತ್ತದೆ.

ಫ್ಯಾನ್ ನೇರ ಮುಖಕ್ಕೆ ಹಿಡಿಯಬೇಡಿ. ಮೇಲ್ಪದರ ಒಣಗಿ ಒಳಗೆ ಹಸಿಯಾಗಿಯೇ ಇರುತ್ತದೆ, ಮೊದಲ ಆರ್ಭಟೆಗೇ ಸಾಲು ಜಾರುತ್ತದೆ. ಹೇರ್ ಡ್ರೈಯರ್ ಇನ್ನೂ ಕೆಡುಕು, ಕೂದಲೆಳೆಯಂಥ ಬಿರುಕು ಬುಡದವರೆಗೆ ಇಳಿಯುತ್ತದೆ. ಬೆನ್ನ ಹಿಂದಿನಿಂದ ನಿಧಾನ ಗಾಳಿ ಸಾಕು.

ಉದುರುವ ಜಾಗ ಯಾವಾಗಲೂ ಒಂದೇ: ಮೂಗಿನ ಬದಿಯಿಂದ ಬಾಯಿಯ ಮೂಲೆಗೆ ಇಳಿಯುವ ಮಡಿಕೆ. ಆರ್ಭಟೆಗೆ ಬಾಯಿ ಪೂರ್ತಿ ತೆರೆದಾಗ ಅಲ್ಲಿ ಚರ್ಮ ಎಳೆಯುತ್ತದೆ. ಗೆರೆ ಬರೆಯುವ ಮೊದಲು ಬಾಯಿ ತೆರೆಸಿ ಮಡಿಕೆಗೆ ಗುರುತು ಹಾಕಿ, ಸಾಲನ್ನು ಅಲ್ಲಿಂದ ಒಂದು ಬೆರಳು ಹೊರಗೆ ಸರಿಸುತ್ತೇನೆ. ಮುಖ ಸ್ವಲ್ಪ ಅಗಲವಾಗಿ ಕಾಣುತ್ತದೆ. ಕೊಂಬು ಕಟ್ಟಿದ ಮಹಿಷನಿಗೆ ಅದು ಲಾಭವೇ. ರೆಪ್ಪೆಯ ಹತ್ತಿರಕ್ಕೆ ಮಾತ್ರ ಹೋಗಬಾರದು. ಸುಣ್ಣ ಕಣ್ಣಿಗೆ ಹಾರಿದರೆ ತಕ್ಷಣ ಧಾರೆ ನೀರಲ್ಲಿ ಬಹಳ ಹೊತ್ತು ತೊಳೆದು ಡಾಕ್ಟರ ಬಳಿ ಓಡಬೇಕು, ಆಟ ಆಮೇಲೆ.

ಬದಿಯ ಪ್ರಯೋಗಗಳು ಹಲವು. ಮೈದಾ ಚೆನ್ನಾಗಿ ಅಂಟುತ್ತದೆ, ಒಣಗುವಾಗ ಚರ್ಮವನ್ನೇ ಕಚ್ಚಿ ಎಳೆಯುತ್ತದೆ. ಉದ್ದಿನ ಹಿಟ್ಟಿನ ವಾಸನೆ ವೇಷಧಾರಿಗೇ ಆಗದು. ಫೋಮ್ ಕತ್ತರಿಸಿ ಅಂಟಿಸಿದರೆ ಹತ್ತೇ ನಿಮಿಷದ ಕೆಲಸ, ಆದರೆ ಅಡಿಯಲ್ಲಿ ಬೆವರು ನಿಂತು ಅಂಚಿನಿಂದ ಬಿಡುತ್ತದೆ, ಎಲ್‌ಇಡಿ ಬೆಳಕಿನಲ್ಲಿ ಚಪ್ಪಟೆಯಾಗಿಯೂ ಕಾಣುತ್ತದೆ. ಹಿಟ್ಟಿನ ಮುಳ್ಳು ಒಂದೊಂದೂ ತನ್ನ ನೆರಳು ಬೀಳಿಸುತ್ತದೆ, ಆ ಉಗ್ರತೆ ಅದಕ್ಕೇ. ಹತ್ತಿಯ ಎಳೆಯನ್ನು ಹಿಟ್ಟಿನಲ್ಲಿ ಅದ್ದಿ ಬುಡಕ್ಕೆ ಕೊಟ್ಟದ್ದು ಒಂದೇ ಪೂರ್ತಿ ಗೆದ್ದದ್ದು. ಹಣೆಯ ದೊಡ್ಡ ಮುಳ್ಳುಗಳಿಗೆ ಈಗಲೂ ಅದೇ. ದೀವಟಿಗೆಗೆ ರಾಳದ ಪುಡಿ ಎರಚಿದಾಗ ಏಳುವ ಹೊಗೆಗೆ ಚಿಟ್ಟಿ ಮಂಕಾಗುವುದನ್ನು ತಪ್ಪಿಸಲು ಆಗಿಲ್ಲ, ದೂರಕ್ಕೆ ಕಾಣುವುದಿಲ್ಲವೆಂದು ಬಿಟ್ಟಿದ್ದೇನೆ.

ಖರ್ಚು? ಅಕ್ಕಿ, ಸುಣ್ಣ, ಹತ್ತಿ, ತೆಗೆಯುವ ತೆಂಗಿನೆಣ್ಣೆ ಎಲ್ಲ ಸೇರಿ ಒಂದು ಮುಖಕ್ಕೆ ಅರುವತ್ತು ಎಪ್ಪತ್ತು ರೂಪಾಯಿ, ಅದರಲ್ಲಿ ಎಣ್ಣೆಯದೇ ಮುಕ್ಕಾಲು. ಒಳ್ಳೆಯ ಫೋಮ್ ಮತ್ತು ಅಂಟಿಗೆ ಇನ್ನೂರರ ಮೇಲೆ ಹೋಗುತ್ತಿತ್ತು, ಎರಡನೇ ಆಟಕ್ಕೆ ಬರುತ್ತಿರಲಿಲ್ಲ. ಚರ್ಮಕ್ಕೆ ಹಚ್ಚುವ ಮುಲಾಮಿನ ದುಡ್ಡು ಉಳಿದದ್ದು ಬೇರೆ.

ಹಿಟ್ಟು ಸುಣ್ಣದ ಇದೇ ಲೆಕ್ಕ ಎಲ್ಲ ದೈತ್ಯರಿಗೂ ಬೇಡ. ರಕ್ತಬೀಜ ಮಾತಿನ ವೇಷ, ಅವನಿಗೆ ಚಿಟ್ಟಿಯ ಗೋಜೇ ಇಲ್ಲ. ಶೂರ್ಪನಖಿಯಂಥ ಹೆಣ್ಣು ಬಣ್ಣಕ್ಕೆ, ಅಂದರೆ ರಾಕ್ಷಸಿ ವೇಷಕ್ಕೆ, ಅರ್ಧ ಹಿಟ್ಟು ಸಾಕು. ಅಸುರನಲ್ಲದಿದ್ದರೂ ರುದ್ರಭೀಮನಿಗೆ, ಅಂದರೆ ಉಗ್ರರೂಪದ ಭೀಮನಿಗೆ, ಎಂಟಕ್ಕೆ ಒಂದೂವರೆ ಸುಣ್ಣ ಬೇಕು, ಅವನ ಕುಣಿತಕ್ಕೆ ಬೆವರು ಹೆಚ್ಚು.

ತೆಗೆಯುವಾಗ ಮೊದಲು ನೀರು ಮುಟ್ಟಿಸಬಾರದು, ಒಣಗಿದ ಸುಣ್ಣ ಮತ್ತೆ ಉರಿಯುತ್ತದೆ. ಕೈತುಂಬ ಎಣ್ಣೆ ಸುರಿದು ಹತ್ತು ನಿಮಿಷ ಕೂತರೆ ಬುಡ ಸಡಿಲವಾಗುತ್ತದೆ. ಹೊರಗಿನ ಸಾಲಿನಿಂದ ಒಳಕ್ಕೆ ಬಿಡಿಸಿ, ಒರೆಸಿ, ಕೊನೆಗೆ ಬೇಕಾದಷ್ಟು ನೀರು. ಉಳಿದ ಹಿಟ್ಟಿಗೆ ಸುಣ್ಣ ಬಿದ್ದಿರದಿದ್ದರೆ ಒದ್ದೆ ಬಟ್ಟೆ ಸುತ್ತಿಟ್ಟು ಮರುದಿನ ಬಳಸಬಹುದು. ಆದರೆ ಮೂಗಿಗೆ ಹಿಡಿದಾಗ ಹುಳಿ ಬಂದಿದ್ದರೆ ಚೆಲ್ಲಿ. ಹುಳಿ ಹಿಟ್ಟು ಸುಣ್ಣವನ್ನು ಕೊಂದುಹಾಕುತ್ತದೆ.