ಸಾಗರದ ಮಳೆಗೆ ನಿಂತ ಮೇಣ: ನನ್ನ ಅನುಭವ

"ನಮ್ಮೂರ ಮಳೆಗೆ ಮೇಣ ನಿಲ್ಲುತ್ತಾ ಮಾರಾಯ್ರೆ? ಮೆಲಮೈನ್ ಹೊಡೀರಿ" ಅಂದವರೇ ಎಲ್ಲ. (ಮೆಲಮೈನ್ ಅಂದರೆ ಮರಕ್ಕೆ ಸ್ಪ್ರೇ ಹೊಡೆಯುವ ಗಟ್ಟಿ ಹೊಳಪಿನ ಲೇಪ.) ನಾನು ಮೇಣ ತಿಕ್ಕಿ ಕೊಟ್ಟ ಹಳೇ ಬೀಟೆ ಪೆಟ್ಟಿಗೆ ಈಗ ಎರಡು ಮಳೆಗಾಲ ದಾಟಿದೆ. ಬೂಷ್ಟು ಹಿಡಿದಿಲ್ಲ. ಅದೇ ಮನೆಯ ಮೇಜಿಗೆ ಬೇರೆಯವರು ಹೊಡೆದ ಮೆಲಮೈನ್ ಮಾತ್ರ ಅಂಚಿನಲ್ಲಿ ಸಿಪ್ಪೆ ಏಳುತ್ತಿದೆ.

ಈ ಮೇಣದ ದಾರಿಗೆ ಬರುವ ಮೊದಲು ದುಡ್ಡು ಸಾಕಷ್ಟು ಹೋಯಿತು. ಕೊಬ್ಬರಿ ಎಣ್ಣೆ ಹಚ್ಚಿದ ದಿನ ಹೊಳಪು ಜೋರು, ಆದರೆ ಅದು ಒಣಗುವ ಎಣ್ಣೆಯಲ್ಲ. ಧೂಳು ಅಂಟಿ ಕಮಟು ವಾಸನೆ ಬಂತು. ಅಗಸೆ ಎಣ್ಣೆ ಒಣಗಿತು, ಬೀಟೆಯ ಗೆರೆಯನ್ನೇ ಕಪ್ಪಲ್ಲಿ ಮುಳುಗಿಸಿತು. (ಆ ಎಣ್ಣೆ ಬಟ್ಟೆ ಮುದ್ದೆ ಮಾಡಿ ಇಡಬೇಡಿ, ತಾನೇ ಕಾದು ಹೊತ್ತಿಕೊಳ್ಳುತ್ತದೆ.) ನಾನೂರು ಚಿಲ್ಲರೆ ಕೊಟ್ಟ ಸಿಲಿಕೋನ್ ಸ್ಪ್ರೇ ಎಲ್ಲಕ್ಕಿಂತ ಕಡೆ. ಅದು ತಾಗಿದ ಕಡೆ ಮುಂದೆ ಫ್ರೆಂಚ್ ಪಾಲಿಶ್ (ಸ್ಪಿರಿಟ್ಟಲ್ಲಿ ಕರಗಿಸಿದ ಅರಗಿನ ಪಾಲಿಶ್) ಕೂರದೆ ಗುಳಿ ಗುಳಿ ಬೀಳುತ್ತದೆ.

ಪೆಟ್ಟಿಗೆಯ ಮುಚ್ಚಳದಲ್ಲಿ ಮೈಸೂರಿನ ಇನ್‌ಲೇ ಕೆಲಸ ಇತ್ತು, ಅಂದರೆ ಬೀಟೆಯಲ್ಲಿ ಬಿಳಿ ತುಂಡು ಕೂರಿಸಿದ ಚಿತ್ತಾರ. ತಲೆನೋವು ಅದೇ. ಬೀಟೆಗೆ ಸ್ಪಿರಿಟ್ ತಾಗಿದರೆ ನೇರಳೆ ಬಣ್ಣ ಬಿಡುತ್ತದೆ, ಪಕ್ಕದ ಬಿಳಿ ತುಂಡಿನ ಮೇಲೆ ಎಳೆದುಬಿಟ್ಟಿರೋ, ಮುಗಿಯಿತು. ಹಳೇ ಕೆಲಸದಲ್ಲಿ ಆ ಬಿಳಿ ದಂತವೂ ಇರಬಹುದು, ನೀರು ಕುಡಿದರೆ ಬಿರುಕು ಬಿಡುತ್ತದೆ. ಅದಕ್ಕೇ ಸೋಪಿನ ನೀರು, ಉಜ್ಜುವ ಮರಳು ಪೇಪರ್ ಎರಡೂ ಕೈಬಿಟ್ಟೆ. ಹೊಗೆಯ ಜಿಡ್ಡು, ಕುಂಕುಮದ ಎಣ್ಣೆ ಎಲ್ಲಾ ಟರ್ಪೆಂಟೈನ್ ಅದ್ದಿದ ಹತ್ತಿಗೇ ಬಂತು. ಚಿತ್ತಾರದ ಸಂದಿಗೆ ಕಡ್ಡಿಗೆ ಸುತ್ತಿದ ಹತ್ತಿ, ಸ್ವಲ್ಪ ಉಗುಳು. ನಗಬೇಡಿ, ಮ್ಯೂಸಿಯಂನವರೂ ಇದನ್ನೇ ಮಾಡುತ್ತಾರೆ.

ಆಮೇಲೆ ಬಿಳಿ ತುಂಡುಗಳಿಗೆ ಮಾತ್ರ ಸಣ್ಣ ಬ್ರಷ್ಷಲ್ಲಿ ಸ್ಪಿರಿಟ್ಟಲ್ಲಿ ಕರಗಿಸಿದ ತೆಳು ಅರಗು, ಬೀಟೆಯ ಬಣ್ಣ ಅವಕ್ಕೆ ಇಳಿಯದಿರಲಿ ಅಂತ. ಒಣಗಿದ ಮೇಲೆ ಇಡೀ ಮೈಗೆ ಇನ್ನೊಂದು ಕೈ, ತಿಕ್ಕದೆ, ಒಂದೇ ಎಳೆತಕ್ಕೆ. ಮರುದಿನ ಮೇಣ: ಒಂದು ಪಾಲು ಜೇನುಮೇಣಕ್ಕೆ ಸುಮಾರು ಮೂರು ಪಾಲು ಟರ್ಪೆಂಟೈನ್. ಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಒಲೆ ಆರಿಸಿದ ಮೇಲೇ ಟರ್ಪೆಂಟೈನ್. ಗಟ್ಟಿತನಕ್ಕೆ ಚೂರು ಕಾರ್ನೌಬಾ (ಒಂದು ಜಾತಿಯ ತಾಳೆ ಎಲೆಯ ಗಟ್ಟಿ ಮೇಣ) ಹಾಕುತ್ತೇನೆ. ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ. ದಪ್ಪ ಬಳಿದರೆ ಧೂಳು ಕೂರುತ್ತದೆ, ಬೂಷ್ಟು ಬರುವುದೂ ಆ ಕೊಳೆಗೇ. ಹಚ್ಚಿದ್ದರಲ್ಲಿ ಮುಕ್ಕಾಲು ಪಾಲು ಒರೆಸಿ ತೆಗೆಯಬೇಕು.

ನಡುವೆ ಚನ್ನಪಟ್ಟಣದವರಂತೆ ತಾಳೆ ಗರಿಯಲ್ಲಿ ಅರಗು ತಿಕ್ಕಿ ನೋಡಿದೆ. ಅವರದ್ದು ಲೇತ್‌ನಲ್ಲಿ ತಿರುಗುವ ಮರ, ತಿಕ್ಕಾಟದ ಬಿಸಿಗೆ ಅರಗು ಕರಗಿ ಹರಡುತ್ತದೆ. ಚಪ್ಪಟೆ ಹಲಗೆಯ ಮೇಲೆ ಕೈ ನೋವಷ್ಟೇ ಲಾಭ.

ಸಾಮಾನಿನ ಖರ್ಚು ಮುನ್ನೂರರ ಒಳಗೆ, ಮೆಲಮೈನಿಗೆ ಕೇಳಿದ್ದು ಆರು ಸಾವಿರದ ಹತ್ತಿರ. ಊಟದ ಮೇಜಿಗೆ ಮಾತ್ರ ಈ ಕೆಲಸ ಒಪ್ಪಿಕೊಳ್ಳುವುದಿಲ್ಲ. ಬಿಸಿ ಲೋಟ ಇಟ್ಟ ಜಾಗ ಬೆಳ್ಳಗಾಗುತ್ತದೆ, ಬೈಗುಳ ನಮಗೆ.