ಐಇಎಲ್‌ಟಿಎಸ್ ಲಿಸನಿಂಗ್, ರೀಡಿಂಗ್: ಗೊತ್ತಿದ್ದೂ ಕಳೆದುಕೊಳ್ಳುವ ಅಂಕ ಉಳಿಸಿಕೊಳ್ಳಿ

ನಮ್ಮ ಮೈಸೂರು, ಮಂಡ್ಯ ಕಡೆ ನರ್ಸಿಂಗ್ ಅಥವಾ ಎಂಜಿನಿಯರಿಂಗ್ ಮುಗಿಸಿ, ವಿದೇಶದಲ್ಲಿ ಓದಲು ಅಥವಾ ಕೆಲಸ ಮಾಡಲು ಕೇಳುವ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ಗೆ ಕೂರುವ ಮಕ್ಕಳು ಮೊದಲು ಹೆದರುವುದು ಸ್ಪೀಕಿಂಗ್‌ಗೆ. ಅಂಕ ಸುಮ್ನೆ ಸೋರಿಹೋಗುವುದು ಮಾತ್ರ ಲಿಸನಿಂಗ್, ರೀಡಿಂಗ್‌ನಲ್ಲಿ. ಇಂಗ್ಲಿಷ್ ಬರದೆ ಅಲ್ಲ, ಉತ್ತರ ಗೊತ್ತಿದ್ದೂ ಹೋಗುತ್ತದೆ. ಅದಕ್ಕೇ ಹೊಟ್ಟೆ ಉರಿಯುವುದು.

ಎರಡರಲ್ಲೂ 40 ಪ್ರಶ್ನೆ. ಬ್ಯಾಂಡ್ 7, ಅಂದರೆ 9ಕ್ಕೆ 7 ಅಂಕ ಬೇಕಾದರೆ ಲಿಸನಿಂಗ್‌ನಲ್ಲಿ ಸುಮಾರು 30 ಸರಿ ಇರಬೇಕು, ಹೆಚ್ಚಾಗಿ ಕಾಲೇಜು ಓದಿಗೆ ಹೋಗುವವರು ಬರೆಯುವ ಅಕಾಡೆಮಿಕ್ ರೀಡಿಂಗ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹೆಚ್ಚಾಗಿ ಕೆಲಸಕ್ಕೆ, ವಲಸೆಗೆ ಹೋಗುವವರು ಬರೆಯುವ ಜನರಲ್ ಟ್ರೈನಿಂಗ್ ರೀಡಿಂಗ್‌ಗೆ ಇನ್ನೂ ಜಾಸ್ತಿ ಬೇಕು, 34ರ ಆಸುಪಾಸು.

ಮೊದಲು ಲಿಸನಿಂಗ್. ಸುಮಾರು 30 ನಿಮಿಷ, ನಾಲ್ಕು ಭಾಗ. ಮನೆ ಬಾಡಿಗೆ, ಬುಕಿಂಗ್ ತರಹದ ದಿನನಿತ್ಯದ ಮಾತುಕತೆಯಿಂದ ಶುರುವಾಗಿ ಕೊನೆಗೆ ಕಾಲೇಜಿನ ಲೆಕ್ಚರ್‌ವರೆಗೆ ಹೋಗುತ್ತದೆ. ಆಡಿಯೋ ಒಂದೇ ಸಲ ಕೇಳಿಸುತ್ತಾರೆ. ಹಾಗಾಗಿ ಮನೆಯಲ್ಲಿ ಅಭ್ಯಾಸ ಮಾಡುವಾಗ ಆಡಿಯೋ ನಿಲ್ಲಿಸುವ ಬಟನ್ ಮುಟ್ಟಲೇಬೇಡಿ. ಪೂರ್ತಿ ಒಂದು ಸಲ ಕೇಳಿ, ಉತ್ತರ ಬರೆದು, ತಾಳೆ ನೋಡಿ. ಅದಾದ ಮೇಲೆ ಆಡಿಯೋದ ಮಾತನ್ನು ಬರೆದಿರುವ ಸ್ಕ್ರಿಪ್ಟ್ ಎದುರಿಗಿಟ್ಟುಕೊಂಡು ಇನ್ನೊಂದು ಸಲ ಕೇಳಿ, ತಪ್ಪಿದ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ಕಿವಿ ಎಲ್ಲಿ ಕೈಕೊಡುತ್ತಿದೆ ಅಂತ ಆಗ ಗೊತ್ತಾಗುತ್ತದೆ. ಈ ಎರಡನೇ ಸುತ್ತು ಬಿಟ್ಟು ಬರೀ ಟೆಸ್ಟ್ ಮೇಲೆ ಟೆಸ್ಟ್ ಬರೆದರೆ ಅದೇ ತಪ್ಪು ಮತ್ತೆ ಮತ್ತೆ ಆಗುತ್ತದೆ, ಬೇರೇನೂ ಆಗಲ್ಲ.

ನಮ್ಮ ಕಿವಿಗೆ ಒಂದು ಅಭ್ಯಾಸವಿದೆ. ಕನ್ನಡದ ಮಾತು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತದೆ. ಬಸ್ ಕೂಡ ನಮಗೆ ಬಸ್ಸು, ಕಾರ್ ಕೂಡ ಕಾರು. ಇಂಗ್ಲಿಷ್‌ನವರು ಕೊನೆಯ ಟಿ, ಡಿ, ಎಸ್ ಅಕ್ಷರಗಳನ್ನು ಅರ್ಧ ನುಂಗಿಬಿಡುತ್ತಾರೆ. 'ಟಿಕೆಟ್ಸ್' ಅಂದದ್ದು ನಮಗೆ 'ಟಿಕೆಟ್' ಅಂತ ಕೇಳುತ್ತದೆ, ಆ ಎಸ್ ಬರೆಯದಿದ್ದರೆ ಉತ್ತರವೇ ತಪ್ಪು. ಥರ್ಟೀನ್, ಥರ್ಟಿ ಗೊಂದಲವೂ ಇದೇ ಜಾತಿಯದು. ದಿನಕ್ಕೆ ಹತ್ತು ನಿಮಿಷ ಬರೀ ನಂಬರ್, ತಾರೀಖು, ಅಕ್ಷರ ಬಿಡಿಸಿ ಹೇಳುವ ಹೆಸರು, ಇಷ್ಟನ್ನೇ ಕೇಳಿ ಬರೆದುಕೊಳ್ಳಿ. ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವವರಿಗೆ ಇಯರ್‌ಫೋನ್ ಹಾಕಿಕೊಂಡರೆ ಅದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಬ್ರಿಟಿಷ್ ಜೊತೆಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕದ ಉಚ್ಚಾರಣೆಯೂ ಬರುತ್ತದೆ, ಅವನ್ನೂ ಕೇಳಿಸಿಕೊಳ್ಳಿ.

ಇನ್ನೊಂದು ಬಲೆ ಇದೆ. ಮಾತಾಡುವವರು ಮೊದಲು ಒಂದು ಹೇಳಿ ಆಮೇಲೆ ಬದಲಾಯಿಸುತ್ತಾರೆ. 'ಮಂಗಳವಾರ ಬರ್ತೀನಿ' ಅಂತಾನೆ, ಆ ಕಡೆಯವರು 'ಅವತ್ತು ಜಾಗ ಇಲ್ವಲ್ಲ' ಅಂತಾರೆ, 'ಹಾಗಾದ್ರೆ ಗುರುವಾರ' ಅಂತ ಒಪ್ಪಿಕೊಳ್ಳುತ್ತಾನೆ. ಮಂಗಳವಾರ ಕಿವಿಗೆ ಬಿದ್ದ ತಕ್ಷಣ ಬರೆದು ಮುಂದಿನ ಪ್ರಶ್ನೆಗೆ ಹೋದವರ ಅಂಕ ಹೋಯಿತು. ಆ ವಿಷಯದ ಮಾತು ಪೂರ್ತಿ ಮುಗಿಯುವವರೆಗೆ ಕಿವಿ ಅಲ್ಲೇ ಇರಲಿ. ಒಂದು ಉತ್ತರ ತಪ್ಪಿಹೋಯಿತಾ, ಬಿಟ್ಟುಬಿಡಿ, ಅದನ್ನೇ ಯೋಚಿಸುತ್ತಾ ಕೂತರೆ ಮುಂದಿನ ಎರಡೂ ಹೋಗುತ್ತವೆ.

ಸ್ಪೆಲ್ಲಿಂಗ್ ತಪ್ಪಿದರೆ ಅಂಕ ಇಲ್ಲ. ಅಕಾಮಡೇಶನ್‌ನಲ್ಲಿ ಸಿ ಎರಡು, ಎಂ ಎರಡು. 'ನೋ ಮೋರ್ ದ್ಯಾನ್ ಟೂ ವರ್ಡ್ಸ್' ಅಂತ ಇದ್ದರೆ ಮೂರನೇ ಪದ ಬರೆಯುವ ಹಾಗೇ ಇಲ್ಲ.

ರೀಡಿಂಗ್‌ಗೆ 60 ನಿಮಿಷ. ಅಕಾಡೆಮಿಕ್‌ನಲ್ಲಿ ಮೂರು ಉದ್ದದ ಪ್ಯಾಸೇಜ್. ಲಿಸನಿಂಗ್‌ನಲ್ಲಿ ಪೇಪರ್ ಮೇಲೆ ಬರೆಯುವವರಿಗೆ ಉತ್ತರ ಇಳಿಸಲು 10 ನಿಮಿಷ, ಕಂಪ್ಯೂಟರ್‌ನಲ್ಲಿ ಬರೆಯುವವರಿಗೆ ಸರಿ ನೋಡಲು 2 ನಿಮಿಷ ಸಿಗುತ್ತದೆ, ಇಲ್ಲಿ ಆ ದಯೆಯೂ ಇಲ್ಲ. ಕೊನೆಯ ಪ್ಯಾಸೇಜ್ ಸಾಮಾನ್ಯವಾಗಿ ಕಷ್ಟ, ಅದಕ್ಕೆ ಮೊದಲನೆಯದನ್ನು 17 ನಿಮಿಷದೊಳಗೆ ಮುಗಿಸುವ ರೂಢಿ ಮಾಡಿಕೊಳ್ಳಿ.

ಎಲ್ಲರನ್ನೂ ಕಾಡುವುದು ಟ್ರೂ, ಫಾಲ್ಸ್, ನಾಟ್ ಗಿವನ್. ಕೊಟ್ಟ ಹೇಳಿಕೆ ಪ್ಯಾಸೇಜ್ ಪ್ರಕಾರ ಸರಿಯಾ, ತಪ್ಪಾ, ಅಥವಾ ಅದರಲ್ಲಿ ಹೇಳಿಯೇ ಇಲ್ವಾ ಅಂತ ಗುರುತಿಸುವ ಪ್ರಶ್ನೆ ಇದು. ನಮ್ಮೂರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಪ್ಯಾಸೇಜ್‌ನಲ್ಲಿ ಇಷ್ಟೇ ಇದೆ ಅಂದುಕೊಳ್ಳಿ: 'ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಅದರ ನೀರು ಮಂಡ್ಯದ ಗದ್ದೆಗಳಿಗೆ ಹರಿಯುತ್ತದೆ.' ಈಗ ಪ್ರಶ್ನೆ. '1920ಕ್ಕೆ ಮೊದಲೇ ಕೆಲಸ ಶುರುವಾಗಿತ್ತು': ಟ್ರೂ. 'ಈ ನೀರನ್ನು ಬೇಸಾಯಕ್ಕೆ ಬಳಸುವುದಿಲ್ಲ': ಫಾಲ್ಸ್. 'ಆಗ ಚೀಫ್ ಎಂಜಿನಿಯರ್ ಆಗಿದ್ದವರು ವಿಶ್ವೇಶ್ವರಯ್ಯ': ಮಂಡ್ಯದ ಯಾವ ಮಗುವನ್ನು ಕೇಳಿದರೂ ಟ್ರೂ ಅನ್ನುತ್ತದೆ, ಅದು ನಿಜವೂ ಹೌದು. ಆದರೆ ಉತ್ತರ ನಾಟ್ ಗಿವನ್, ಯಾಕಂದ್ರೆ ಆ ಎರಡು ಸಾಲಿನಲ್ಲಿ ಅವರ ಹೆಸರೇ ಇಲ್ಲ. ನಿಮಗೆ ಗೊತ್ತಿರುವುದನ್ನು ಅವರು ಕೇಳುತ್ತಿಲ್ಲ. ಬರೆದದ್ದಕ್ಕೆ ಉಲ್ಟಾ ಇದ್ದರೆ ಮಾತ್ರ ಫಾಲ್ಸ್, ಆ ಬಗ್ಗೆ ಮಾತೇ ಇಲ್ಲದಿದ್ದರೆ ನಾಟ್ ಗಿವನ್. ಈ ಪ್ರಶ್ನೆಗಳು ಪ್ಯಾಸೇಜ್‌ನ ಕ್ರಮದಲ್ಲೇ ಬರುವುದರಿಂದ ಎರಡನೇ ಉತ್ತರ ಸಿಕ್ಕ ಜಾಗದಿಂದ ಮುಂದಕ್ಕೆ ಹುಡುಕಿದರೆ ಸಾಕು, ಮತ್ತೆ ಮೇಲಿಂದ ಓದಬೇಕಿಲ್ಲ.

ಪ್ಯಾರಾಗಳಿಗೆ ಹೆಡಿಂಗ್ ಹೊಂದಿಸುವ ಪ್ರಶ್ನೆಗೆ ಕ್ರಮ ಉಲ್ಟಾ ಮಾಡಿ. ಹೆಡಿಂಗ್ ನೋಡುವ ಮೊದಲು ಪ್ಯಾರಾ ಓದಿ, ಇದು ಯಾವುದರ ಬಗ್ಗೆ ಅಂತ ಮನಸ್ಸಿನಲ್ಲೇ ಒಂದು ಸಾಲು ಕನ್ನಡದಲ್ಲಿ ಹೇಳಿಕೊಳ್ಳಿ. ಆಮೇಲೆ ಹೆಡಿಂಗ್ ಹುಡುಕಿ. ಪ್ಯಾರಾದಲ್ಲಿರುವ ಪದವೇ ಹೆಡಿಂಗ್‌ನಲ್ಲೂ ಇದೆ ಅಂತ ಆರಿಸಿಕೊಂಡರೆ ಕೆಟ್ಟಿರಿ, ಸರಿ ಉತ್ತರ ಹೆಚ್ಚಾಗಿ ಬೇರೆ ಪದಗಳಲ್ಲಿರುತ್ತದೆ.

ಹೊಸಬರು ಮೊದಲ ಕೆಲವು ಪ್ಯಾಸೇಜ್‌ಗಳನ್ನು ಗಡಿಯಾರ ಇಲ್ಲದೆ ಮಾಡಿ, ಪ್ರತಿ ಉತ್ತರಕ್ಕೂ ಪ್ಯಾಸೇಜ್‌ನ ಯಾವ ಸಾಲು ಸಾಕ್ಷಿ ಅಂತ ತೋರಿಸಲು ಬಂದ ಮೇಲೆ ಟೈಮ್ ಇಟ್ಟುಕೊಳ್ಳಿ. ಉಚಿತ ಮಾದರಿ ಪ್ರಶ್ನೆಗಳು ಪರೀಕ್ಷೆಯ ಅಧಿಕೃತ ವೆಬ್‌ಸೈಟ್‌ನಲ್ಲೇ ಇವೆ, ದುಡ್ಡು ಕೊಡುವ ಮೊದಲು ಅವನ್ನು ಮುಗಿಸಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಕೊನೆಯ ಒಂದು ನಿಮಿಷ ಉಳಿದಾಗ ಖಾಲಿ ಇರುವ ಕಡೆಯೆಲ್ಲ ಏನಾದರೂ ತುಂಬಿಬಿಡಿ.