ಎಂಜಿನಿಯರಿಂಗ್ ಓದಲು ಎಂಥ ಲ್ಯಾಪ್‌ಟಾಪ್ ಬೇಕು?

ಸಿಇಟಿ ಸೀಟು ಸಿಕ್ಕಿ ಫೀಸು ಕಟ್ಟಿದ ಮೇಲೆ ಮನೆಯಲ್ಲಿ ಶುರುವಾಗುವ ಮುಂದಿನ ಮಾತು ಲ್ಯಾಪ್‌ಟಾಪಿನದು. ಎಷ್ಟೋ ಮನೆಗಳಲ್ಲಿ ಆ ಮಾತು ‘ಎಂಜಿನಿಯರಿಂಗ್ ಅಂದ್ರೆ ಗೇಮಿಂಗ್ ಲ್ಯಾಪ್‌ಟಾಪೇ ಬೇಕು’ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಬಹಳಷ್ಟು ಮಕ್ಕಳಿಗೆ ಅದು ಬೇಕಾಗಿಯೇ ಇಲ್ಲ. ಗ್ರಾಫಿಕ್ಸ್ ಕಾರ್ಡಿಗೆ (ಚಿತ್ರ ಮೂಡಿಸುವ ಪ್ರತ್ಯೇಕ ಚಿಪ್) ಸುರಿಯುವ ದುಡ್ಡನ್ನು ತೆರೆದ ಕೆಲಸಗಳನ್ನು ಹಿಡಿದಿಡುವ ಮೆಮೊರಿಯಾದ ರ‍್ಯಾಮ್, ಪರದೆ ಮತ್ತು ವಾರಂಟಿಗೆ ಹಾಕಿದರೆ ನಾಲ್ಕು ವರ್ಷ ನೆಮ್ಮದಿ. ಅಂಗಡಿಗೆ ಹೋಗುವ ಮೊದಲು ಏನೇನು ನೋಡಬೇಕು? ಒಂದೊಂದಾಗಿ ನೋಡೋಣ.

ಮೊದಲು ಬ್ರಾಂಚ್ ನೋಡಿ

ಕಂಪ್ಯೂಟರ್ ಸೈನ್ಸ್ ಮಕ್ಕಳು ದಿನವೂ ಬಳಸುವುದು ಕೋಡ್ ಎಡಿಟರ್, ಕಂಪೈಲರ್ ಮತ್ತು ಹತ್ತಾರು ಟ್ಯಾಬ್ ತೆರೆದಿಟ್ಟ ಬ್ರೌಸರ್. ಇದಕ್ಕೆ ಬೇಕಾದದ್ದು ಒಳ್ಳೆಯ ಪ್ರೊಸೆಸರ್ ಮತ್ತು ಜಾಸ್ತಿ ರ‍್ಯಾಮ್. ‘ಎಐ ಕಲೀಬೇಕು, ಗ್ರಾಫಿಕ್ಸ್ ಕಾರ್ಡ್ ಬೇಕೇಬೇಕು’ ಎಂದು ಮಕ್ಕಳು ಹಟ ಹಿಡಿಯಬಹುದು. ಕಲಿಕೆಯ ಹಂತದ ಎಐ ಮಾಡೆಲ್‌ಗಳನ್ನು ಆನ್‌ಲೈನ್‌ನಲ್ಲೇ ಸಿಗುವ ಗೂಗಲ್ ಕೊಲ್ಯಾಬ್‌ನಲ್ಲಿ ಪುಕ್ಕಟೆಯಾಗಿಯೇ ಓಡಿಸಬಹುದು.

ಮೆಕ್ಯಾನಿಕಲ್, ಸಿವಿಲ್ ಮತ್ತು ಆರ್ಕಿಟೆಕ್ಚರ್ ಮಾತು ಬೇರೆ. ಸಾಲಿಡ್‌ವರ್ಕ್ಸ್, ರೆವಿಟ್, ಆನ್ಸಿಸ್‌ನಂಥ ವಿನ್ಯಾಸದ ಸಾಫ್ಟ್‌ವೇರ್‌ಗಳಲ್ಲಿ ದೊಡ್ಡ ಮಾದರಿಗಳನ್ನು ತಿರುಗಿಸಿ ನೋಡುವವರಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಇವರು ಆರ್‌ಟಿಎಕ್ಸ್ 3050 ಅಥವಾ 4050 ಕಾರ್ಡ್ ಇರುವ ಲ್ಯಾಪ್‌ಟಾಪ್ ತೆಗೆದುಕೊಂಡರೆ ಸಾಕು. ಎಲೆಕ್ಟ್ರಾನಿಕ್ಸ್‌ನವರಿಗೆ ಗ್ರಾಫಿಕ್ಸ್‌ಗಿಂತ ಸ್ಟೋರೇಜ್ ಜಾಗ ಮುಖ್ಯ. ಚಿಪ್ ವಿನ್ಯಾಸದ ಸಾಫ್ಟ್‌ವೇರ್ ವಿವಾಡೊ ಒಂದೇ ಹತ್ತಾರು ಜಿಬಿ ನುಂಗುತ್ತದೆ. ಪೈಥಾನ್, ಆರ್, ಲೇಟೆಕ್ಸ್ ಬಳಸುವ ಬಿಎಸ್ಸಿ ಮಕ್ಕಳಿಗೆ ಸಾಧಾರಣ ಲ್ಯಾಪ್‌ಟಾಪ್ ಧಾರಾಳವಾಯಿತು.

ಮ್ಯಾಕ್‌ಬುಕ್ ಒಳ್ಳೆಯ ಯಂತ್ರ. ಕಂಪ್ಯೂಟರ್ ಸೈನ್ಸ್‌ನವರು ಕಣ್ಣುಮುಚ್ಚಿ ಕೊಳ್ಳಬಹುದು. ಆದರೆ ಸಾಲಿಡ್‌ವರ್ಕ್ಸ್, ರೆವಿಟ್, ವಿವಾಡೊ ಯಾವುವೂ ಮ್ಯಾಕ್‌ಗೆ ಬರುವುದಿಲ್ಲ. ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲೂ ಇಂಥದೇ ತೊಡಕಿದೆ. ಬ್ಯಾಟರಿ ಚೆನ್ನಾಗಿ ಬರುತ್ತದೆ ನಿಜ, ಆದರೆ ಹಲವು ಎಂಜಿನಿಯರಿಂಗ್ ಸಾಫ್ಟ್‌ವೇರ್ ಮತ್ತು ಲ್ಯಾಬ್ ಬೋರ್ಡುಗಳ ಡ್ರೈವರ್‌ಗಳು ಕೆಲಸ ಮಾಡದೆ ಹೋಗಬಹುದು. ನಿಮ್ಮ ಬ್ರಾಂಚಿನ ಸೀನಿಯರ್‌ಗಳನ್ನು ಒಂದು ಮಾತು ಕೇಳಿ. ಅವಸರವೇನೂ ಇಲ್ಲ. ಲ್ಯಾಬಿನಲ್ಲಿ ಕಂಪ್ಯೂಟರ್ ಇದ್ದೇ ಇರುತ್ತದೆ, ಕ್ಲಾಸು ಶುರುವಾದ ಮೇಲೆ ಕೊಂಡರೂ ನಡೆಯುತ್ತದೆ.

ಪ್ರೊಸೆಸರಿನ ಹೆಸರನ್ನು ಪೂರ್ತಿ ಓದಿ

ಇಂಟೆಲ್‌ನ ‘ಐ5’, ಎಎಂಡಿಯ ‘ರೈಜನ್ 5’ ಎಂದಷ್ಟೇ ಕೇಳಿ ಒಪ್ಪಿಕೊಳ್ಳಬೇಡಿ. ಅದರ ಮುಂದಿನ ಅಂಕಿಗಳಲ್ಲೇ ಗುಟ್ಟಿರುವುದು. ರೈಜನ್ 7000 ಸರಣಿಯನ್ನೇ ನೋಡಿ. ಇಲ್ಲಿ ಮೂರನೇ ಅಂಕಿ ಒಳಗಿನ ವಿನ್ಯಾಸ ಎಷ್ಟು ಹೊಸದೆಂದು ಹೇಳುತ್ತದೆ. 7520ಯು ಎಂದರೆ 2019ರಲ್ಲಿ ಬಂದ ಝೆನ್ 2 ವಿನ್ಯಾಸ. 7530ಯು ಅದರ ನಂತರದ ಝೆನ್ 3. 7840ಯು ಇನ್ನೂ ಹೊಸದಾದ ಝೆನ್ 4. ಹೆಸರು ನೋಡಿದರೆ ಮೂರೂ ಒಂದೇ ಕಾಲದವೆಂದು ಅನಿಸುತ್ತದೆ, ಅಲ್ವಾ? ಇಂಟೆಲ್‌ನಲ್ಲಿ ಕೊನೆಯ ಅಕ್ಷರ ನೋಡಿ. ‘ಯು’ ಎಂದಿದ್ದರೆ ಕಡಿಮೆ ವಿದ್ಯುತ್ ಬಳಸಿ ಬ್ಯಾಟರಿ ಉಳಿಸುವಂಥದ್ದು. ‘ಎಚ್’ ಎಂದಿದ್ದರೆ ಶಕ್ತಿ ಜಾಸ್ತಿ, ಬಿಸಿಯೂ ಜಾಸ್ತಿ. ಹಳೆಯ ಐ7ಗಿಂತ ಹೊಸ ಐ5 ವೇಗವಾಗಿ ಓಡುವುದು ಅಪರೂಪವೇನಲ್ಲ.

ರ‍್ಯಾಮ್: ಇಲ್ಲಿ ಕಂಜೂಸುತನ ಬೇಡ

16 ಜಿಬಿ ಇರಲಿ. ಮೊಬೈಲ್ ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೊ ಮತ್ತು ಅದರ ಎಮ್ಯುಲೇಟರನ್ನು 8 ಜಿಬಿಯಲ್ಲಿ ಒಟ್ಟಿಗೆ ತೆರೆದರೆ ಸುಮ್ನೆ ಕಾಯುತ್ತಾ ಕೂರಬೇಕು. ಈಗ ಅಷ್ಟು ದುಡ್ಡಿಲ್ಲವೇ? ಹಾಗಿದ್ದರೆ ಮುಂದೆ ರ‍್ಯಾಮ್ ಸೇರಿಸಲು ಸ್ಲಾಟ್ ಇದೆಯೇ ಎಂದು ಕೇಳಿ. ವಿವರದಲ್ಲಿ ‘ಎಲ್‌ಪಿಡಿಡಿಆರ್’ ಎಂದಿದ್ದರೆ ರ‍್ಯಾಮನ್ನು ಬಹುಮಟ್ಟಿಗೆ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಂಥದರಲ್ಲಿ ಕೊಂಡಷ್ಟೇ ಕೊನೆ. ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಲ್ಯಾಪ್‌ಟಾಪಿನಲ್ಲಿ 16 ಜಿಬಿಯ ಒಂದೇ ರ‍್ಯಾಮ್ ಪಟ್ಟಿಗಿಂತ 8 ಜಿಬಿಯ ಎರಡು ಇದ್ದರೆ ಚಿತ್ರದ ಕೆಲಸ ಚುರುಕಾಗುತ್ತದೆ.

ಸ್ಟೋರೇಜ್‌ಗೆ 512 ಜಿಬಿಯ ವೇಗದ ಡಿಸ್ಕ್, ಅಂದರೆ ಎನ್‌ವಿಎಂಇ ಎಸ್‌ಎಸ್‌ಡಿ ಸಾಕು.

ಪರದೆ, ಬ್ಯಾಟರಿ, ತೂಕ

ಮಕ್ಕಳು ದಿನಕ್ಕೆ ಗಂಟೆಗಟ್ಟಲೆ ನೋಡುವುದು ಪರದೆಯನ್ನೇ, ಆದರೆ ಅದರ ಬಗ್ಗೆ ಕೇಳುವವರು ಕಡಿಮೆ. ‘45% ಎನ್‌ಟಿಎಸ್‌ಸಿ’ ಎಂದು ಬರೆದಿದ್ದರೆ ಬಣ್ಣ ಸಪ್ಪೆ ಎಂದರ್ಥ. ‘100% ಎಸ್‌ಆರ್‌ಜಿಬಿ’ ಸಿಕ್ಕರೆ ಒಳ್ಳೆಯದು. ಬೆಳಕು 300 ನಿಟ್ಸ್ ಇರಲಿ, ಕಿಟಕಿ ಪಕ್ಕ ಕೂತರೂ ಅಕ್ಷರ ಕಾಣಬೇಕು. ಪರದೆ 16:10 ಅಳತೆಯದಾದರೆ ಕೋಡಿನ ಒಂದೆರಡು ಸಾಲು ಹೆಚ್ಚೇ ಕಾಣುತ್ತದೆ.

‘10 ಗಂಟೆ ಬ್ಯಾಟರಿ’ ಎಂಬ ಜಾಹೀರಾತಿನ ಮಾತು ಬಿಡಿ, ಬ್ಯಾಟರಿಯ ಸಾಮರ್ಥ್ಯ ಹೇಳುವ ವಾಟ್-ಅವರ್ ಎಷ್ಟೆಂದು ನೋಡಿ. 50ಕ್ಕಿಂತ ಮೇಲಿರಲಿ. ಗೇಮಿಂಗ್ ಲ್ಯಾಪ್‌ಟಾಪ್ ಎರಡು ಕಿಲೋ ದಾಟುತ್ತದೆ, ಅದರ ಚಾರ್ಜರ್ ತೂಕ ಬೇರೆ. ಪಿಜಿಯಿಂದ ಕಾಲೇಜಿಗೆ ತುಂಬಿದ ಬಸ್ಸಿನಲ್ಲಿ ನಿಂತು ಹೋಗುವ ಹುಡುಗಿಗೆ ಒಂದೂವರೆ ಕಿಲೋದ್ದೇ ಸರಿ. ಟೈಪ್-ಸಿ ಚಾರ್ಜರ್ ಇದ್ದರಂತೂ ಇನ್ನೂ ಹಗುರ.

ಕೊಳ್ಳುವಾಗ

ಬೆಂಗಳೂರಿನ ಎಸ್‌ಪಿ ರೋಡಿನಲ್ಲಾದರೂ ಸರಿ, ನಿಮ್ಮೂರಿನ ಅಂಗಡಿಯಲ್ಲಾದರೂ ಸರಿ, ಜಿಎಸ್‌ಟಿ ಬಿಲ್ ಪಡೆಯಲೇಬೇಕು. ಬಾಕ್ಸ್, ಲ್ಯಾಪ್‌ಟಾಪಿನ ತಳ ಮತ್ತು ಬಿಲ್ ಮೂರರಲ್ಲೂ ಸೀರಿಯಲ್ ನಂಬರ್ ಒಂದೇ ಇದೆಯೇ ನೋಡಿ. ಅಲ್ಲೇ ಆನ್ ಮಾಡಿಸಿ, ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ. ಹೊಸದೆಂದು ಕೊಟ್ಟದ್ದರಲ್ಲಿ ಚಾರ್ಜ್ ಸೈಕಲ್ ಸಂಖ್ಯೆ ದೊಡ್ಡದಿದ್ದರೆ ಬೇರೆಯದು ಕೇಳಿ. ‘ಡಾಸ್’ ಮಾಡೆಲ್ ಅಗ್ಗವಾಗಿ ಕಾಣುತ್ತದೆ, ಆದರೆ ಅದರಲ್ಲಿ ವಿಂಡೋಸ್ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ವಿಂಡೋಸ್ 11 ನಡೆಯುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಕಲಬುರಗಿಯಲ್ಲೋ ಚಿಕ್ಕಮಗಳೂರಿನಲ್ಲೋ ಓದುವ ಮಕ್ಕಳಿಗೆ ಸರ್ವಿಸ್ ಸೆಂಟರ್ ಎಲ್ಲಿದೆ ಎಂಬುದು ಬೆಲೆಯಷ್ಟೇ ಮುಖ್ಯ. ಕಂಪನಿಯ ವೆಬ್‌ಸೈಟಿನಲ್ಲಿ ಕಾಲೇಜಿರುವ ಊರಿನ ಹೆಸರು ಹಾಕಿ ಹುಡುಕಿ. ಇದ್ದಲ್ಲಿಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ವಾರಂಟಿ ಸಿಗುವುದಾದರೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಬಿದ್ದು ಪರದೆ ಒಡೆದರೆ ಮಾಮೂಲಿ ವಾರಂಟಿ ಬರುವುದಿಲ್ಲ. ಹಾಸ್ಟೆಲಿನಲ್ಲಿರುವವರಿಗೆ ಆಕಸ್ಮಿಕ ಹಾನಿಯ ವಾರಂಟಿಯನ್ನೂ ಮಾಡಿಸಿ.

ಹೆಚ್ಚಿನ ಸಾಫ್ಟ್‌ವೇರಿಗೆ ಬೇರೆ ದುಡ್ಡು ಎತ್ತಿಡಬೇಕಿಲ್ಲ. ರೆವಿಟ್ ತಯಾರಿಸುವ ಆಟೊಡೆಸ್ಕ್ ಮತ್ತು ಆನ್ಸಿಸ್ ವಿದ್ಯಾರ್ಥಿಗಳಿಗೆ ಉಚಿತ ಆವೃತ್ತಿ ಕೊಡುತ್ತವೆ. ಮ್ಯಾಟ್‌ಲ್ಯಾಬ್ ಲೈಸೆನ್ಸ್ ಕಾಲೇಜಿನಲ್ಲೇ ಇದೆಯೇ ವಿಚಾರಿಸಿ. ಗೆಳೆಯರ ಪೆನ್‌ಡ್ರೈವಿನಿಂದ ಕಳ್ಳ ಕಾಪಿ ಹಾಕಿಕೊಳ್ಳಬೇಡಿ, ಅದರ ಜೊತೆಗೇ ವೈರಸ್ಸೂ ಬರಬಹುದು.

ಶಿಕ್ಷಣ ಸಾಲಕ್ಕೆ ಅರ್ಜಿ ಹಾಕುತ್ತಿದ್ದೀರಾ? ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಕೋರ್ಸಿಗೆ ಅಗತ್ಯವಿದ್ದರೆ ಕಂಪ್ಯೂಟರ್ ಖರ್ಚನ್ನೂ ಸೇರಿಸಲು ಅವಕಾಶವಿದೆ. ಅರ್ಜಿ ಕೊಡುವ ಮೊದಲೇ ಮ್ಯಾನೇಜರನ್ನು ಕೇಳಿ, ಅಂಗಡಿಯಿಂದ ಕೊಟೇಶನ್ ತಂದು ಜೊತೆಗಿಡಿ.